ತಳಕಿನ ದಾರಿಯ ಹುಣಸೆ ಸಾಲು ಒಣಗಿದ್ದು

ಸಾಲುಮರದ ಕೆಲಸಕ್ಕೆ ಹೊಸದಾಗಿ ಸೇರುವವರು ಒಂದು ಮಾತು ಮೊದಲೇ ತಿಳಿದುಕೊಳ್ಳಲಿ. ಇದು ನೆರಳಲ್ಲಿ ಕೂತು ಮಾಡುವ ಕೆಲಸವಲ್ಲ. ನೆರಳು ಕೊಡುವಷ್ಟು ದೊಡ್ಡದಾದ ಮರಕ್ಕೆ ನಮ್ಮ ಹಂಗಿಲ್ಲ. ನೆರಳು ಇಲ್ಲದ ಕಡೆಯೇ ನಮ್ಮ ಗುದ್ದಲಿ ಏಳಬೇಕು. ಚಳ್ಳಕೆರೆಯಿಂದ ಹೊರಟು ತಳಕಿನ ಮೇಲೆ ಹಾದು ಮೊಳಕಾಲ್ಮೂರಿನ ಸರಹದ್ದಿಗೆ ಹೋಗುವ ರಸ್ತೆಯ ಎರಡೂ ಬದಿಯ ಮರಗಳನ್ನು ನಾನು ಇಪ್ಪತ್ತೊಂಬತ್ತು ವರ್ಷ ನೋಡಿಕೊಂಡೆ. ಅದರಲ್ಲಿ ಹೆಚ್ಚಿನ ವರ್ಷ ಮೇಸ್ತ್ರಿಯಾಗಿ, ಎರಡು ವರ್ಷ ಮತ್ತೆ ಬರೀ ಆಳಾಗಿ. ಆ ಎರಡು ವರ್ಷ ಯಾಕೆ ಬಂತು ಎನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಉಳಿದದ್ದನ್ನು ಯಾರು ಬೇಕಾದರೂ ಹೇಳಿಕೊಡುತ್ತಾರೆ.

ನಾನು ಓದಿದ್ದು ಕೂಲಿಮಠದಲ್ಲಿ ಎರಡು ವರ್ಷ. ಕಾಗುಣಿತ ಮುಗಿಯುವ ಹೊತ್ತಿಗೆ ಅಪ್ಪ ತೀರಿಕೊಂಡ. ಅವ್ವ ಕೈಗೆ ಗುದ್ದಲಿ ಕೊಟ್ಟಳು. ಅದಕ್ಕೆ ನನಗೆ ನಾಚಿಕೆಯಿಲ್ಲ. ಗರಸು ನೆಲದಲ್ಲಿ ಸೊಂಟದುದ್ದ ಗುಂಡಿ ತೋಡಿ, ಜಾಲಿ ಮುಳ್ಳು ತಂದು ಸುತ್ತ ಕಟ್ಟಿ, ಬೇಸಿಗೆಯ ಮೂರು ತಿಂಗಳು ಗಾಡಿಯಲ್ಲಿ ಕೊಡ ಹೇರಿಕೊಂಡು ಬಂದು ಸಸಿ ಬದುಕಿಸುವುದನ್ನು ಯಾವ ಮಠದಲ್ಲೂ ಕಲಿಸುವುದಿಲ್ಲ. ಕುರಿ ಹಿಂಡು ಬಂದರೆ ಯಾವ ಕುರಿ ಮೊದಲು ಬೇಲಿಗೆ ಬಾಯಿ ಹಾಕುತ್ತದೆ ಎಂದು ಅದರ ನಡಿಗೆ ನೋಡಿಯೇ ಹೇಳುತ್ತಿದ್ದೆ. ನಾನು ನೆಟ್ಟ ಬೇವುಗಳನ್ನು ಈಗಲೂ ಕಣ್ಣುಮುಚ್ಚಿ ತೊಗಟೆ ಮುಟ್ಟಿ ಇದು ಇಂಥ ಮೈಲಿಯದು ಎನ್ನಬಲ್ಲೆ. ಇಷ್ಟು ಗೊತ್ತಿದ್ದವನೇ ತಪ್ಪು ಮಾಡಿದೆ. ಕಮ್ಮಿ ಗೊತ್ತಿದ್ದರೆ ಅಷ್ಟು ದೊಡ್ಡ ತಪ್ಪು ಆಗುತ್ತಿರಲಿಲ್ಲವೇನೋ.

ತಳಕು ದಾಟಿದ ಮೇಲೆ ರಸ್ತೆಯ ಬಲಕ್ಕೆ ಒಂದೇ ಸಾಲಿನಲ್ಲಿ ನಲವತ್ತೆರಡು ಹುಣಸೆ ಮರಗಳಿದ್ದವು. ಯಾರ ಕಾಲದಲ್ಲಿ ನೆಟ್ಟಿದ್ದೋ, ಇಬ್ಬರು ತಬ್ಬಿದರೂ ಕೈ ಕೂಡುತ್ತಿರಲಿಲ್ಲ. ಬಳ್ಳಾರಿ ಕಡೆಯ ಗಾಡಿಗಳು ನಡು ಮಧ್ಯಾಹ್ನ ಅಲ್ಲೇ ನೊಗ ಇಳಿಸುತ್ತಿದ್ದವು. ಈ ಶತಮಾನ ಹುಟ್ಟಿ ಐದಾರು ವರ್ಷ ಆಗಿತ್ತು. ತುದಿಯ ಮೊದಲನೆಯ ಮರ ಚಿಗುರುವ ಕಾಲದಲ್ಲಿ ಹಳದಿಯಾಯಿತು. ನೆತ್ತಿಯ ಕೊಂಬೆ ಒಣಗಿತು. ಕಾಯಿ ಬೆರಳುದ್ದವೂ ಬರಲಿಲ್ಲ. ಮುಂದಿನ ಬೇಸಿಗೆಗೆ ಮರ ನಿಂತಲ್ಲೇ ಕಟ್ಟಿಗೆ. ಆಮೇಲೆ ಅದರ ಪಕ್ಕದ್ದು. ಆಮೇಲೆ ಅದರ ಪಕ್ಕದ್ದು.

ನಮ್ಮ ಮೇಲಿನವರು ಒಬ್ಬ ಓವರ್ಸಿಯರು. ಮೈಸೂರು ಕಡೆಯವರು, ತಟ್ಟು ಕುದುರೆಯ ಮೇಲೆ ಬರುತ್ತಿದ್ದರು, ಬೈದರೂ ಬಹುವಚನ ಬಿಡದ ಮನುಷ್ಯ. ಬುಡಕ್ಕೆ ಸುಣ್ಣ ಸುರಿಯಿರಿ ಎಂದರು, ಸುರಿದೆವು. ಬೇವಿನ ಹಿಂಡಿ ಹಾಕಿ ಎಂದರು, ಹಾಕಿದೆವು. ಕಂಡವರ ಕಣ್ಣು ತಾಗಿದೆ ಎಂದು ಗ್ಯಾಂಗಿನವನೊಬ್ಬ ಕೊಂಬೆಗೆ ಕಾಲಿನ ಹಳೇ ಕೆರ ಕಟ್ಟಿದ. ಓವರ್ಸಿಯರು ಅದನ್ನು ನೋಡಿ, "ಇದು ಯಾವ ಇಲಾಖೆಯ ಔಷಧಿ ಮೇಸ್ತ್ರಿಗಳೇ?" ಎಂದರು. ಅಂತೂ ಮೂರು ವರ್ಷದಲ್ಲಿ ನಾಲ್ಕು ಮರ ಹೋದವು.

ಆ ನಾಲ್ಕರ ಜಾಗದಲ್ಲಿ ಹೊಂಗೆ ಸಸಿ ಇಡಲು ಹೇಳಿದರು. ಆಗ ನಾನೊಂದು ಜಾಣತನ ಮಾಡಿದೆ. ಗರಸಿನಲ್ಲಿ ಹೊಸ ಗುಂಡಿ ತೋಡಲು ಇಬ್ಬರಿಗೆ ಇಡೀ ದಿನ ಬೇಕು. ಸತ್ತ ಮರದ ಬೊಡ್ಡೆ ಕಿತ್ತ ಕಡೆ ಗುಂಡಿ ತಾನಾಗಿಯೇ ಇರುತ್ತದೆ, ಮಣ್ಣೂ ಸಡಿಲ. ನಾಲ್ಕು ಸಸಿಯನ್ನೂ ಆ ಹಳೇ ಗುಂಡಿಗಳಲ್ಲೇ ಇಟ್ಟೆ. ಸಾಲಿನ ಆ ತುದಿಯಾಚೆ, ಮೊದಲು ಮರವೇ ಇಲ್ಲದ ಕಡೆ, ಹೊಸದಾಗಿ ತೋಡಿ ಇನ್ನೆರಡು ಇಟ್ಟೆ. ಒಂದು ದಿನದಲ್ಲಿ ಆರು ಸಸಿ. ಓವರ್ಸಿಯರು, "ನಿಮಗೆ ತಲೆ ಇದೆಯಲ್ಲ ಮೇಸ್ತ್ರಿಗಳೇ" ಎಂದರು. ಆ ಮಾತನ್ನು ನಾನು ಊರೆಲ್ಲ ಹೇಳಿಕೊಂಡು ಬಂದೆ.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಐದನೆಯ ಮರ ಹಳದಿಯಾಯಿತು. ಆ ಮರದಿಂದ ಮುಂದಕ್ಕೆ ರಸ್ತೆಗೆ ತಾಗಿದ ಹೊಲ ಪಾಲಯ್ಯನದು. ಹತ್ತಿರದ ಒಂದು ಹಟ್ಟಿಯವನು. ಹಟ್ಟಿಯ ಹೆಸರು ಬರೆಯುವುದಿಲ್ಲ, ಅವನ ಮೊಮ್ಮಕ್ಕಳು ಈಗಲೂ ಅಲ್ಲೇ ಇದ್ದಾರೆ. ಹುಣಸೆಯ ನೆರಳಿಗೆ ಅವನ ನವಣೆ ಗೇಣುದ್ದ ಬಂದು ನಿಲ್ಲುತ್ತಿತ್ತು. "ಕೊಂಬೆನಾದ್ರೂ ಸವರಿಸ್ರಿ ಮೇಸ್ತ್ರಿ, ಬಿಸಿಲೇ ಬೀಳ್ತಿಲ್ಲ" ಎಂದು ಅವನು ಎರಡು ಮೂರು ಸಲ ಕೇಳಿದ್ದ. ನಾನು ಆಗುವುದಿಲ್ಲ ಎಂದಿದ್ದೆ. ಅದು ನನ್ನ ತಲೆಯಲ್ಲಿ ಕೂತಿತ್ತು.

ಒಂದು ದಿನ ಐದನೆಯ ಮರದಲ್ಲಿ, ಮೊಣಕಾಲೆತ್ತರಕ್ಕೆ, ಕಿರುಬೆರಳು ಹೋಗುವಷ್ಟು ತೂತು ಕಂಡೆ. ಸುತ್ತ ಕಂದು ಅಂಟು. ಬೆರಳಿಟ್ಟು ತೆಗೆದು ಮೂಸಿದೆ. ಘಾಟು ಮೂಗಿಗೆ ಹೊಡೆಯಿತು.

"ಇಂಗು!" ಎಂದೆ.

ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತಿದು. ಸದ್ದಿಲ್ಲದೆ ಮರ ಕೊಲ್ಲಬೇಕಾದರೆ ಬೈರಿಗೆಯಲ್ಲಿ ತೂತು ಕೊರೆದು ಇಂಗು ತುಂಬುತ್ತಾರೆ ಅಂತ. ಯಾರಾದರೂ ಹಾಗೆ ಮಾಡಿದ್ದನ್ನು ನಾನು ಕಂಡಿರಲಿಲ್ಲ, ಹಾಗೆ ಸತ್ತ ಮರವನ್ನೂ ಕಂಡಿರಲಿಲ್ಲ. ಆದರೂ ಅನುಮಾನ ಬರಲಿಲ್ಲ. ಗ್ಯಾಂಗಿನ ಮೂವರನ್ನು ಕರೆದು ಮೂಸಿಸಿದೆ. ಒಬ್ಬ "ಹೌದು ಮೇಸ್ತ್ರಿ, ಇಂಗೇ" ಎಂದ. ಇನ್ನೊಬ್ಬನೂ ಎಂದ. ಮೂರನೆಯ ದಾಸಪ್ಪನಿಗೆ ಎಂಟು ದಿನದಿಂದ ನೆಗಡಿ, ಮೂಗು ಕಟ್ಟಿ ಬಾಯಲ್ಲಿ ಉಸಿರಾಡುತ್ತಿದ್ದ. ಅವನೂ ಬಗ್ಗಿ ಮೂಸಿ, "ಒಳ್ಳೇ ಕಡಕ್ ಇಂಗು" ಎಂದ.

ಓವರ್ಸಿಯರಿಗೆ ಹೇಳಿದಾಗ ಅವರು ಮುಖ ನೋಡಿದರು. "ವಾಸನೆಯನ್ನ ಲಕೋಟೆಯೊಳಗಿಟ್ಟು ಅಮಲ್ದಾರರಿಗೆ ಕಳಿಸ್ತೀರೇನು?"

"ನಾಲ್ಕು ಜನ ಮೂಸಿದ್ದೀವಿ ಸ್ವಾಮಿ."

"ನಾಲ್ಕು ಮೂಗು. ಸರಿ, ಬರೆದುಕೊಡಿ."

ಬರೆದೆ. ಸೊಟ್ಟ ಅಕ್ಷರ, ಆದರೆ ನನ್ನದೇ ಅಕ್ಷರ. ನಾನು ಬರೆದ ಕಾಗದ ಕಚೇರಿಗೆ ಹೋದದ್ದು ಅದೇ ಮೊದಲು. ಅದರ ಮೇಲೆ ಪಾಲಯ್ಯನ ಮೇಲೆ ಸರ್ಕಾರದ ಮರ ಕೊಂದ ಕೇಸಾಯಿತು.

ಹಟ್ಟಿಯಲ್ಲಿ ಯಾವುದೇ ಮಾತು ಇತ್ಯರ್ಥವಾಗಬೇಕಾದರೆ ಕಂಬಳಿ ಹಾಸುತ್ತಾರೆ. ಅದರ ಮೇಲೆ ಕೂತವನು ಸುಳ್ಳಾಡಬಾರದು, ಮೇಲೆ ದೋಷ ಇದ್ದವನು ಕೂರಬಾರದು. ನಾನು ಕಚೇರಿಯ ಜವಾನನ ಜತೆ ಹೋದಾಗ ಹಿರಿಯ ಬೋರಯ್ಯಜ್ಜ ಕಂಬಳಿ ಹಾಸಿಸಿದ್ದ. ಪಾಲಯ್ಯ ಅದರ ಮೇಲೆ ಅಂಗೈ ಊರಿ ಹೇಳಿದ, "ಈ ಕಂಬಳಿ ಮುಟ್ಟಿ ಹೇಳ್ತೀನಿ. ಆ ಮರಕ್ಕೆ ಇಂಗಲ್ಲ, ನನ್ನ ಉಗುರು ಸೈತ ತಾಕ್ಸಿಲ್ಲ."

ಹಟ್ಟಿಯವರ ಮುಖದಲ್ಲಿ ಅಲ್ಲಿಗೆ ಮಾತು ಮುಗಿದಂತಿತ್ತು. ನಾನು ಬಿಡಲಿಲ್ಲ. "ಕಂಬಳಿ ನಿಮ್ಮದು. ಮರ ಸರ್ಕಾರದ್ದು. ಇಂಗು ಎಲ್ಲಿಂದ ತಂದೆ, ಅದು ಹೇಳು" ಎಂದೆ.

ಬೋರಯ್ಯಜ್ಜ, "ಪಾಲಯ್ಯ, ಸರ್ಕಾರದ ಕಾಗದದಾಗೆ ನಿನ್ನ ಹೆಸರು ಇರೋಗಂಟ ಕಂಬಳಿಗೆ ಬರಬ್ಯಾಡ. ಹೊರಗೆ ನಿಂತ್ಕೋ" ಎಂದ. ಪಾಲಯ್ಯ ಎದ್ದು ಅಂಚಿಗೆ ಹೋಗಿ ನಿಂತ. ನನಗೆ ಅದು ಬರೀ ನಿಂತದ್ದಾಗಿ ಕಂಡಿತು. ಆದದ್ದೇನು ಎಂದು ಆಮೇಲೆ ದಾಸಪ್ಪ ಹೇಳಿದ. ಪಾಲಯ್ಯನ ಮಗಳಿಗೆ ದೇವಸಮುದ್ರದ ಕಡೆಯಿಂದ ಗಂಡು ಒಪ್ಪಿತ್ತು. ಇಬ್ಬರು ಅಪ್ಪಂದಿರೂ ಕಂಬಳಿಯ ಮೇಲೆ ಕೂತು ಮಾತು ಕೊಟ್ಟರೆ ಮಾತ್ರ ಮದುವೆ. ಗಂಡಿನವರು ಒಳ್ಳೆಯವರು. "ದೀವಳಿಗೆವರೆಗೆ ಕಾಯ್ತೀವಿ, ಆಮೇಲೆ ನಮಗೂ ಬ್ಯಾರೆ ಕಡೆ ನೋಡೋದು ಐತೆ" ಎಂದು ಹೇಳಿ ಕಳಿಸಿದ್ದರು.

ಚಳ್ಳಕೆರೆ ಸಂತೆಯಲ್ಲಿ ಮಸಾಲೆ ಮಾರುವ ಸಾಬರು ಅವನನ್ನು ಕಂಡು, "ಆವ್ ಪಾಲಯ್ಯ, ಇಂಗು ತೂಗಲಾ? ಯಾವ ಮರಕ್ಕೆ?" ಎಂದು ಕೂಗಿದರು. ಕೇಳಿ ಸಂತೆ ನಕ್ಕಿತು. ನಾನೂ ಅಲ್ಲೇ ಇದ್ದೆ, ನಾನೂ ನಕ್ಕೆ. ಇದನ್ನು ಬರೆಯದೆ ಬಿಡಬಹುದಿತ್ತು.

ಕೇಸು ನಡೆಯುತ್ತಿರುವಾಗಲೇ ಆರನೆಯ ಮರ ಬಾಡಿತು. ಪಾಲಯ್ಯ ವಾಯಿದೆಗೆಂದು ಚಳ್ಳಕೆರೆಗೂ ಹಟ್ಟಿಗೂ ನಡೆದು ನಡೆದು ಸವೆಯುತ್ತಿದ್ದ. ಅವನು ಮರದ ಹತ್ತಿರ ಸುಳಿದರೆ ಹೇಳಿ ಎಂದು ನಾನೇ ಕಾವಲಿಟ್ಟಿದ್ದೆ. ಅವನು ಸುಳಿಯಲಿಲ್ಲ, ಮರ ಮಾತ್ರ ಸಾಯುತ್ತಿತ್ತು. ಅಲ್ಲಾದರೂ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಮೊದಲೇ ಇಟ್ಟ ಇಂಗು ಈಗ ಕೆಲಸ ಮಾಡುತ್ತಿದೆ ಎಂದುಕೊಂಡೆ. ಒಮ್ಮೆ ಬರೆದುಕೊಟ್ಟ ಮೇಲೆ ಮನುಷ್ಯ ತನ್ನ ಅಕ್ಷರದ ಕಡೆಗೇ ವಾಲುತ್ತಾನೆ.

ಮುಂಗಾರಿನ ನೀರು ರಸ್ತೆ ಕೊಚ್ಚಿತೆಂದು ಆರನೆಯ ಮತ್ತು ಏಳನೆಯ ಮರದ ನಡುವೆ ಮೋರಿ ಹಾಕಲು ಅಪ್ಪಣೆಯಾಯಿತು. ಅಗೆಯಲು ಒಡ್ಡರ ಗುಂಪು ಬಂತು. ಅದರಲ್ಲಿ ಎಂಗಟಮ್ಮ ಎಂಬ ಮುದುಕಿ. ಮೊಳಕಾಲ್ಮೂರಿನ ಕಡೆಯವಳು, ಅರ್ಧ ತೆಲುಗು ಅರ್ಧ ಕನ್ನಡ, ದವಡೆಯಲ್ಲಿ ಸದಾ ಹೊಗೆಸೊಪ್ಪು. ಆಳೆತ್ತರ ಅಗೆದ ಮೇಲೆ ಅವಳು ಗುಂಡಿಯೊಳಗಿಂದ ಕೂಗಿದಳು.

"ಮೇಸ್ತ್ರೀ, ಇಲ್ಲಿ ಚೂಡಪ್ಪ. ನಿನ್ನ ಮರ ಕೈ ಕೈ ಹಿಡ್ಕಂಡವೆ."

ಇಳಿದು ನೋಡಿದೆ. ಆರನೆಯ ಮರದ ತೋಳುದಪ್ಪದ ಬೇರೂ ಏಳನೆಯದರ ಬೇರೂ ಒಂದಕ್ಕೊಂದು ಹೆಣೆದು, ತೊಗಟೆ ಕೂಡಿ, ಒಂದೇ ಆಗಿದ್ದವು. ಆರನೆಯದರ ಬೇರನ್ನು ಅವಳು ಗುದ್ದಲಿಯಿಂದ ಸೀಳಿದಳು. ಒಳಗೆ ಕಟ್ಟಿಗೆಯೇ ಇಲ್ಲ, ನೆನೆದ ಬೆಂಡಿನಂತೆ ಬಿಳಿ ಬಿಳಿ. ಆ ಬಿಳುಪು ಕೂಡಿದ ಜಾಗ ದಾಟಿ ಏಳನೆಯದರೊಳಕ್ಕೆ ಗೇಣುದ್ದ ಹೋಗಿತ್ತು. ಏಳನೆಯ ಮರದ ತಲೆ ಇನ್ನೂ ಹಸಿರಾಗಿಯೇ ಇತ್ತು.

ಆಗ ಗುಂಡಿಯಲ್ಲಿ ವಾಸನೆ ಎದ್ದಿತು. ಅದೇ ಘಾಟು.

"ಇದೇನು ವಾಸನೆ?" ಎಂದೆ.

"ಕೊಳೆತ ಬೇರು ನಾಯನಾ. ಬಾವಿ ತೋಡೋ ನಮಗೆ ದಿನಾ ಬರೋ ವಾಸನೆ. ನೀನು ಮರದ ತಲೆ ನೋಡ್ಕಂಡು ತಿರುಗ್ತೀಯ. ಬುಡ ಯಾವತ್ತಾದ್ರೂ ನೋಡಿದ್ದೀಯೇನು?"

ಗುಂಡಿಯಿಂದ ಹತ್ತಿ ಆರನೆಯ ಮರದ ಬುಡ ನೋಡಿದೆ. ಹಲಗೆಯಂತೆ ಚಾಚಿದ ಅಣಬೆ, ಮೇಲೆ ಅರಗು ಬಳಿದಂತೆ ಕೆಂಪು ಹೊಳಪು. ಸತ್ತ ಎಲ್ಲ ಮರದ ಬುಡದಲ್ಲೂ ಅದು ಎದ್ದಿತ್ತು. ಪ್ರತಿ ಸಲವೂ ನಾನು ಅದನ್ನು ಕಾಲಲ್ಲಿ ಒದ್ದು ಉದುರಿಸಿ ಮುಂದೆ ಹೋಗಿದ್ದೆ. ಅಲ್ಲಿಂದ ಐದನೆಯ ಮರಕ್ಕೆ ಹೋಗಿ, ನಾನು ಮೂಸಿದ್ದ ತೂತಿನ ಗುಂಟ ಉಳಿಯಿಂದ ಕಡಿದೆ. ಒಳಗೆ ಹೆಬ್ಬೆರಳಿನಷ್ಟು ದಪ್ಪದ ಬಿಳಿ ಹುಳ ಮಲಗಿತ್ತು. ಸೋತ ಮರವನ್ನು ಕೊರೆಯಲು ಬಂದ ಹುಳ.

ಆಮೇಲೆ ನನ್ನ ಆರು ಹೊಂಗೆ ಸಸಿಗಳ ಹತ್ತಿರ ಹೋದೆ. ಹಳೇ ಗುಂಡಿಯಲ್ಲಿಟ್ಟ ನಾಲ್ಕೂ ಎರಡು ಮಳೆಗಾಲ ಬೆಳೆದು ಆ ಬೇಸಿಗೆಯಲ್ಲಿ ಒಣಗಿದ್ದವು. ನೀರು ಸಾಲಲಿಲ್ಲ ಎಂದು ಗಾಡಿಯವನನ್ನು ಬೈದಿದ್ದೆ. ಅದೇ ಗಾಡಿಯವನು ಅಷ್ಟೇ ನೀರು ಹಾಕಿದ್ದ ಹೊಸ ಗುಂಡಿಯ ಎರಡು ಮಾತ್ರ ತಲೆಯೆತ್ತರ ನಿಂತಿದ್ದವು. ಒಣಗಿದ್ದನ್ನು ಕಿತ್ತೆ. ಬೇರಿನಲ್ಲಿ ಅದೇ ಬಿಳುಪು, ಅದೇ ವಾಸನೆ. ತೋಳು ಗಾತ್ರವೂ ಇಲ್ಲದ ಸಸಿಗೆ ಯಾರು ಇಂಗು ಇಟ್ಟರು? ರೋಗ ಮಣ್ಣಿನಲ್ಲಿತ್ತು. ಬೇರಿನಿಂದ ಬೇರಿಗೆ ಹೋಗುತ್ತಿತ್ತು. ನಾನು ಅದರ ಬಾಯಿಗೇ ಸಸಿ ಇಟ್ಟು ಶಾಬಾಸ್ ಅನ್ನಿಸಿಕೊಂಡಿದ್ದೆ.

ಓವರ್ಸಿಯರ ಮುಂದೆ ನಿಂತು, "ಸ್ವಾಮಿ, ಅದು ಇಂಗಲ್ಲ" ಎಂದೆ.

"ಮತ್ತೆ ನಾಲ್ಕು ಮೂಗು?"

"ನಾಲ್ಕೂ ನನ್ನ ಮೂಗೇ ಸ್ವಾಮಿ. ನಾನು ಇಂಗು ಅಂದ ಮೇಲೆ ಅವರು ಮೂಸಿದ್ದು."

ಅವರು ತಟ್ಟುವಿನ ಜೂಲು ಸವರಿದರು. "ಬರೆದದ್ದು ನೀವು. ಅಳಿಸುವುದೂ ನೀವೇ. ಕೆಲಸ ಹೋಗಬಹುದು, ಗೊತ್ತಲ್ಲ?"

ಗೊತ್ತಿತ್ತು. ಕೊಳೆತ ಬೇರು, ಒಣಗಿದ ಸಸಿ, ಅಣಬೆ ಎಲ್ಲ ಗೋಣಿಚೀಲಕ್ಕೆ ತುಂಬಿ, ಹುಳವನ್ನು ಲೋಟದಲ್ಲಿಟ್ಟು ಬಟ್ಟೆ ಕಟ್ಟಿ, ಕಚೇರಿಗೆ ಹೋಗಿ ಅಮಲ್ದಾರರ ಮೇಜಿನ ಕೆಳಗೆ ಸುರಿದೆ. ಅವರು ಉತ್ತರೀಯ ಮೂಗಿಗೆ ಹಿಡಿದು, "ಸಾಕು ಸಾಕು, ನಂಬಿದೆ" ಎಂದರು. ಕೇಸು ಬಿದ್ದುಹೋಯಿತು. ನನ್ನ ಮೇಸ್ತ್ರಿಗಿರಿಯೂ ಬಿತ್ತು. ಕೆಲಸದಿಂದ ತೆಗೆಯಲಿಲ್ಲ, ಗ್ಯಾಂಗಿನ ಆಳು ಮಾಡಿದರು. ದಾಸಪ್ಪ ಮೇಸ್ತ್ರಿಯಾದ. ಅವನು ಒಳ್ಳೆಯವನು, ನನ್ನನ್ನು "ಮೇಸ್ತ್ರಿ" ಎಂದೇ ಕರೆಯುತ್ತಿದ್ದ. "ನೀನು ಹಂಗೆ ಕರೆದ್ರೆ ನಿನಗೆ ಯಾವನ್ಲೇ ಮರ್ಯಾದೆ ಕೊಡ್ತಾನೆ" ಎಂದು ನಾನೇ ಬಿಡಿಸಿದೆ.

ರೋಗವನ್ನು ನಿಲ್ಲಿಸುವುದು ಹೇಗೆ ಎನ್ನುವುದು ಮಾತ್ರ ನನ್ನ ತಲೆಗೇ ಹೊಳೆಯಿತು, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕಾವಲಿನ ಹುಲ್ಲಿಗೆ ಬೆಂಕಿ ಬಿದ್ದರೆ ನಾವು ಬೆಂಕಿಯ ಹಿಂದೆ ಓಡುವುದಿಲ್ಲ. ಮುಂದೆ ಹೋಗಿ ಹುಲ್ಲು ಕೆತ್ತಿ ಬರೀ ನೆಲದ ಗೆರೆ ಮಾಡುತ್ತೇವೆ. ಇಲ್ಲೂ ಹಾಗೆಯೇ ಏಳನೆಯ ಮರವನ್ನು ಬೇರು ಸಮೇತ ತೆಗೆದು, ಎಂಟನೆಯದಕ್ಕೆ ಮೊದಲೇ ಎದೆಮಟ್ಟ ಕಂದಕ ತೋಡಿ ಬೇರಿನ ದಾರಿ ಕಡಿಯಬೇಕು. ಓವರ್ಸಿಯರು ಒಪ್ಪಿದರು. ತೊಡಕು ಒಂದೇ. ಆ ಬೇರುಗಳು ಹೊಲದೊಳಕ್ಕೂ ಹರಡಿರುತ್ತವೆ, ಕಂದಕ ಅಲ್ಲಿಗೂ ಹೋಗಬೇಕು. ಹೊಲ ಪಾಲಯ್ಯನದು. ನವಣೆ ತೆನೆ ಕಟ್ಟಿತ್ತು.

ಹಟ್ಟಿಗೆ ಒಬ್ಬನೇ ಹೋದೆ. ಬೋರಯ್ಯಜ್ಜ ಕಂಬಳಿ ಹಾಸಿಸಿದ. ನಾನು ಅಂಚಿನಾಚೆ ನಿಂತೆ, ಎದುರು ಅಂಚಿನಲ್ಲಿ ಪಾಲಯ್ಯ. ಕೇಸು ಬಿದ್ದುಹೋದ ಕಾಗದ ತೋರಿಸಿದೆ.

ಅಜ್ಜ ಕಾಗದ ನೋಡಲಿಲ್ಲ. "ಕಾಗದದಾಗೆ ಬರ್ದಿದ್ದು ಕಾಗದದಾಗೆ ಹೋತು. ಇಲ್ಲಿ ಬಾಯಾಗೆ ಅಂದ್ಯಲ್ಲ, ಅದು?"

ನನ್ನ ಜನ್ಮದಲ್ಲಿ ಅಷ್ಟು ಜನರ ಮುಂದೆ ತಲೆ ತಗ್ಗಿಸಿದವನಲ್ಲ. "ಪಾಲಯ್ಯ ಮರ ಮುಟ್ಟಿಲ್ಲ" ಎಂದೆ. "ಮರಕ್ಕೆ ರೋಗ ಇತ್ತು. ನಾನು ನೋಡಲಿಲ್ಲ. ಅವನು ಕಂಬಳಿ ಮುಟ್ಟಿ ನಿಜ ಹೇಳಿದ, ನಾನು ಕಂಬಳಿಯನ್ನೇ ಹೀಗಳೆದೆ. ತಪ್ಪು ನನ್ನದು."

ಅಜ್ಜ ಪಾಲಯ್ಯನಿಗೆ ಕೂರು ಎಂದು ಕೈ ಮಾಡಿದ. ಪಾಲಯ್ಯ ಅಲ್ಲಾಡಲಿಲ್ಲ, ನನ್ನನ್ನೇ ನೋಡುತ್ತ ನಿಂತ. ಹಿಂದೆ ಹೆಂಗಸರ ಗುಂಪಿನಿಂದ ಅವನ ಹೆಂಡತಿ, "ಕೂತ್ಕೋಬಾರ್ದಾ? ಎಂಟು ತಿಂಗಳಿಂದ ನಿಂತಿದ್ದೀಯ, ಕಾಲು ನೋಯ್ತಿಲ್ವಾ?" ಎಂದಳು. ಜನ ನಕ್ಕರು. ಅವನು ಕೂತ. ಕೂತ ಮೇಲೆ ಮುಖಕ್ಕೆ ಪೇಟದ ಸೆರಗು ಅಡ್ಡ ಹಿಡಿದುಕೊಂಡ. ಕಂದಕದ ಮಾತನ್ನು ಆಗ ಎತ್ತಲು ನನಗೆ ಬಾಯಿ ಬರಲಿಲ್ಲ. ಅದನ್ನು ಅಜ್ಜನ ಕಿವಿಗೆ ಮಾತ್ರ ಹಾಕಿ ಬಂದೆ.

ಮರುದಿನ ಬೆಳಿಗ್ಗೆ ಪಾಲಯ್ಯ ತಾನೇ ಹೊಲಕ್ಕೆ ಬಂದ. ನಾನು ಸುಣ್ಣದ ಗೆರೆ ಎಳೆದಿದ್ದೆ, ಮರದಿಂದ ಎರಡು ಮಾರು ಬಿಟ್ಟು. ಅದಕ್ಕಿಂತ ಒಳಗೆ ಹೋದರೆ ಅವನ ತೆನೆ ಹಾಳಾಗುತ್ತದೆ ಎಂದು ನನಗೆ ಅಳುಕು.

ಅವನು ಗೆರೆ ನೋಡಿದ. "ಇಷ್ಟೇನಾ?"

"ನಿನ್ನ ಬೆಳೆ ಐತಲ್ಲ."

ಅವನು ನವಣೆಯೊಳಗೆ ನಡೆದ. ಹೆಜ್ಜೆ ಎಣಿಸಲಿಲ್ಲ, ನೆಲ ನೋಡಲಿಲ್ಲ. ನನ್ನ ಗೆರೆಯಿಂದ ಇನ್ನೂ ಆರು ಮಾರು ಆಚೆ ಹೋಗಿ ಹಿಮ್ಮಡಿ ಊರಿದ. "ಬೇರು ಇಲ್ಲಿಗಂಟ ಬಂದೈತೆ. ವರ್ಷಾ ವರ್ಷಾ ನನ್ನ ನೇಗಿಲಿಗೆ ಸಿಗ್ತಾವೆ. ಎಂಟನೇ ಮರದ್ದು ಇನ್ನೂ ಗಟ್ಟಿ, ನೇಗಿಲು ಜಿಗಿತದೆ. ಆರನೇದ್ದು ಮೂರು ವರ್ಷದಿಂದ ಬೆಣ್ಣೆ ಕೊಯ್ದಂಗೆ ಕತ್ತರಿಸ್ತಿತ್ತು."

ನಾನು ಸುಣ್ಣದ ಬುಟ್ಟಿ ಕೆಳಗಿಟ್ಟೆ. "ಮೂರು ವರ್ಷದಿಂದ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಹೇಳಬಾರದಿತ್ತೇನೋ ಪಾಲಯ್ಯ?"

"ನೀವು ಕೇಳಿದ್ದು ಇಂಗು ಎಲ್ಲಿಂದ ತಂದೆ ಅಂತ" ಎಂದ. "ಬೇರಿನ ಮಾತು ಯಾರು ಕೇಳಿದ್ರು?"

ಈಗಿನವರು ಕಡಿದ ಕೊಂಬೆಗೆ ಟಾರು ಬಳಿಯುತ್ತೀರಿ, ಒಳ್ಳೆಯದು. ಹಳೇ ಗುಂಡಿಯಲ್ಲಿ ಸಸಿ ಇಡಬೇಡಿ, ಅಣಬೆ ಎದ್ದರೆ ಒದ್ದು ಹೋಗಬೇಡಿ, ಕೆದಕಿ ನೋಡಿ. ಇವನ್ನೆಲ್ಲ ಈಗ ಕಾಗದದಲ್ಲೇ ಬರೆದು ಕೊಡುತ್ತಾರೆ. ಪಕ್ಕದ ಹೊಲದವನನ್ನು ಕೇಳಿ ಎಂದು ಮಾತ್ರ ಯಾರೂ ಬರೆದಿಲ್ಲ. ಅದಕ್ಕೇ ನಾನು ಬರೆದೆ.

ಪಾಲಯ್ಯ ಸೊಂಟದಿಂದ ಕುಡುಗೋಲು ತೆಗೆದು, ತಾನು ಹಿಮ್ಮಡಿ ಊರಿದ ಕಡೆಯಿಂದ ಶುರುಮಾಡಿ, ಹಾಲುದುಂಬಿದ ನವಣೆಯನ್ನು ಒಂದೇ ಪಟ್ಟಿಯಾಗಿ ಕೊಯ್ಯುತ್ತ ಹೋದ. ನಾನು ಅವನ ಹಿಂದೆ ಅಗೆಯುತ್ತ ಹೋದೆ. ಗಂಡಿನವರು ಹೇಳಿದ್ದ ದೀವಳಿಗೆಗೆ ಇನ್ನೂ ಒಂದು ತಿಂಗಳಿತ್ತು. ಎಂಟನೆಯ ಮರ ಇವತ್ತಿಗೂ ಕಾಯಿ ಬಿಡುತ್ತಿದೆ, ಅದರ ಹಿಂದೆ ಮೂವತ್ತನಾಲ್ಕು ಇವೆ.